ಹಳದಿ ಕಣ್ಣಿಗೆ ಕಪ್ಪು ಕನ್ನಡಕ

ಬೆನ್ನ ಹಿಂದೆ ಎಲ್ಲರೂ ಅವಳನ್ನು ಲಿವರಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಸಂಶೋಧನಾಲಯದ ಯಾವ ಸಭೆಯೇ ಆಗಲಿ, ಹೊಸ ಔಷಧಿಯ ಬಗ್ಗೆ ಇರಲಿ, ಕ್ಯಾಂಟೀನಿನ ಗುತ್ತಿಗೆ ಬಗ್ಗೆ ಇರಲಿ, ಎಲ್ಲರೂ ಇನ್ನೇನು ಕುರ್ಚಿ ಹಿಂದಕ್ಕೆ ಸರಿಸಿ ಏಳಬೇಕು ಎನ್ನುವಾಗ ಅವಳು ಗಂಟಲು ಸರಿಮಾಡಿಕೊಂಡು, “ಅದೆಲ್ಲ ಸರಿ, ಲಿವರ್ ಕಥೆ ಏನು?” ಎಂದು ಕೇಳುವಳು. ಎದ್ದವರು ಮತ್ತೆ ಕೂರಬೇಕು. ಇಂಥವರಿಗೆ ಅಡ್ಡ ಹೆಸರು ಬೀಳದೆ ಇನ್ಯಾರಿಗೆ ಬೀಳುತ್ತದೆ?

ಒಂದೇ ಮೈಯಲ್ಲಿ ಎಚ್‌ಐವಿಯೂ ಹೆಪಟೈಟಿಸ್ ಬಿ ವೈರಸ್ಸೂ ಒಟ್ಟಿಗೆ ಸಂಸಾರ ಹೂಡಿದರೆ ಏನಾಗುತ್ತದೆ ಎನ್ನುವುದು ಅವಳ ಸಂಶೋಧನೆ. ಮೊದಲನೆಯದು ಮೈಯ ಕಾವಲುಗಾರರನ್ನು ಕೊಲ್ಲುತ್ತದೆ. ಎರಡನೆಯದು ಲಿವರ್‌ನಲ್ಲಿ ಸದ್ದಿಲ್ಲದೆ ಕೂತು ವರ್ಷಗಟ್ಟಲೆ ಕೊರೆಯುತ್ತದೆ. ಎರಡೂ ಸೇರಿದರೆ ಒಂದು ಇನ್ನೊಂದಕ್ಕೆ ಬಾಗಿಲು ತೆಗೆದು ಒಳಗೆ ಬಾ ಎನ್ನುತ್ತದೆ. ತನ್ನ ಯೌವನವನ್ನೆಲ್ಲ ಅವಳು ಇದರ ಹಿಂದೆ ಸುರಿದಿದ್ದಳು.

ಮನೆಯಲ್ಲಿ ಅವಳ ತಾಯಿ ಈ ಎರಡರಲ್ಲಿ ಒಂದನ್ನು ಮಾತ್ರ ಒಪ್ಪಿಕೊಂಡಿದ್ದರು. ನೆಂಟರು ಫೋನ್ ಮಾಡಿದರೆ, “ನನ್ನ ದೊಡ್ಡ ಮಗಳು ಕಾಮಾಲೆ ಮೇಲೆ ಸಂಶೋಧನೆ ಮಾಡ್ತಾಳೆ, ಬಹಳ ದೊಡ್ಡ ಹೆಸರು” ಎಂದು ಎದೆಯುಬ್ಬಿಸಿ ಹೇಳುವರು.

“ಇನ್ನೊಂದನ್ನೂ ಹೇಳಮ್ಮ, ಅರ್ಧ ಯಾಕೆ ನುಂಗ್ತೀಯ?” ಎಂದು ಇವಳು ಕೆಣಕಿದರೆ, ರಿಸೀವರಿಗೆ ಕೈ ಅಡ್ಡ ಹಿಡಿದು, “ಸುಮ್ನಿರೇ, ನಾಳೆ ನಿನ್ನ ತಂಗಿ ಮಗಳಿಗೆ ಗಂಡು ಹುಡುಕಬೇಕು” ಎಂದು ಗದರುವರು. ತನ್ನ ಮದುವೆಗೂ ದೊಡ್ಡಮ್ಮನ ಪ್ರಯೋಗಾಲಯಕ್ಕೂ ಏನು ಸಂಬಂಧ ಎಂದು ಆ ತಂಗಿಯ ಮಗಳು ಕೇಳಲಿಲ್ಲ. ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಕೆಲಸದ ಜಾಗದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಎಚ್‌ಐವಿಗೆ ಮಣೆ, ಹೆಪಟೈಟಿಸ್‌ಗೆ ಹೊಸಿಲಿನಾಚೆಯ ಜಾಗ. ಎಚ್‌ಐವಿ ಎಂದರೆ ಅತಿಥಿಗಳು ವಿಮಾನದಿಂದ ಇಳಿಯುತ್ತಾರೆ, ಕ್ಯಾಮೆರಾಗಳು ಬರುತ್ತವೆ, ಎದೆಗೆ ಸಿಕ್ಕಿಸಿಕೊಳ್ಳಲು ಕೆಂಪು ರಿಬ್ಬನ್ ಇದೆ. ಹೆಪಟೈಟಿಸ್‌ಗೆ ಏನಿದೆ? ಹಳದಿ ಕಣ್ಣು, ಹಳದಿ ಮೂತ್ರ. ಅದನ್ನು ಎದೆಗೆ ಸಿಕ್ಕಿಸಿಕೊಂಡು ಯಾರು ಓಡಾಡುತ್ತಾರೆ?

ನಿರ್ದೇಶಕರಿಗೂ ಒಂದು ಅಡ್ಡ ಹೆಸರಿತ್ತು: ಮೈಕ್ ಸಾಹೇಬರು. ಒಂದು ಕಾಲದಲ್ಲಿ ಅವರೂ ರೋಗಿಗಳ ನಾಡಿ ಹಿಡಿದವರೇ ಅಂತೆ; ಈಗ ಕೈ ಹಿಡಿಯುತ್ತಿದ್ದದ್ದು ಮೈಕನ್ನು ಮಾತ್ರ. ಒಮ್ಮೆ ಹಿಡಿದರೆ ಬಿಡಿಸುವುದಕ್ಕೆ ಕರೆಂಟೇ ಹೋಗಬೇಕು. ಅವರ ಕೋಣೆಯ ಒಂದು ಗೋಡೆ ತುಂಬ ಫೋಟೋ. ಎಲ್ಲದರಲ್ಲೂ ಅವರು ಯಾರದೋ ಕೈ ಕುಲುಕುತ್ತಿದ್ದರು, ಎಲ್ಲದರಲ್ಲೂ ಕಣ್ಣು ಮಾತ್ರ ಕ್ಯಾಮೆರಾ ಕಡೆ.

ಆ ವರ್ಷ ಅವರ ಕೈಗೆ ಸಿಕ್ಕಿದ್ದು ಹೊಸ ಇಂಜೆಕ್ಷನ್. ಎಚ್‌ಐವಿ ಇರುವವರು ಜೀವನಪೂರ್ತಿ ದಿನಾ ಒಂದು ಮಾತ್ರೆ ನುಂಗಬೇಕಲ್ಲ, ಅದರ ಬದಲು ಎರಡು ತಿಂಗಳಿಗೊಮ್ಮೆ ಬಂದು ಸೂಜಿ ಚುಚ್ಚಿಸಿಕೊಂಡು ಹೋದರೆ ಸಾಕು. ಔಷಧಿ ಒಳ್ಳೆಯದೇ. ಅದರಲ್ಲಿ ಲಿವರಮ್ಮನಿಗೂ ತಕರಾರಿರಲಿಲ್ಲ. ಅವಳ ತಕರಾರು ಬೇರೆ. ಹಳೆಯ ಮಾತ್ರೆಯಲ್ಲಿದ್ದ ಔಷಧಿ ಎಚ್‌ಐವಿಯ ಜೊತೆಗೆ ಹೆಪಟೈಟಿಸ್ ಬಿಯ ಕತ್ತನ್ನೂ ಹಿಡಿದಿಡುತ್ತಿತ್ತು. ಹೊಸ ಇಂಜೆಕ್ಷನ್ ಎಚ್‌ಐವಿಯನ್ನು ಮಾತ್ರ ಹಿಡಿಯುತ್ತದೆ. ಯಾರ ಲಿವರ್‌ನಲ್ಲಾದರೂ ಆ ಎರಡನೆಯದು ಮಲಗಿದ್ದರೆ, ಮಾತ್ರೆ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಅದು ಎದ್ದು ಕೂರುತ್ತದೆ. ಎದ್ದದ್ದು ಸುಮ್ಮನೆ ಕೂರುವುದಿಲ್ಲ.

“ಇಂಜೆಕ್ಷನ್‌ಗೆ ಬದಲಾಯಿಸೋ ಮೊದಲು ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಪರೀಕ್ಷೆ ಹೊಸದಾಗಿ, ಪೂರ್ತಿಯಾಗಿ ಮಾಡಬೇಕು ಸರ್” ಎಂದು ಅವಳು ಸಭೆಯಲ್ಲಿ ಹೇಳಿದಳು.

“ಪರೀಕ್ಷೆ ಆಗಿದೆಯಲ್ಲ?” ಎಂದರು ಮೈಕ್ ಸಾಹೇಬರು.

“ಅದು ಯಾವುದೋ ಕಾಲದಲ್ಲಿ ಮಾಡಿದ್ದು. ಒಂದು ಹನಿ ರಕ್ತ ಹಾಕಿ ಗೆರೆ ನೋಡೋ ಕಾರ್ಡ್ ಟೆಸ್ಟ್. ಎಚ್‌ಐವಿ ಇರೋರಲ್ಲಿ ಅದರ ಕಣ್ಣು ತಪ್ಪಿಸೋದು ಈ ವೈರಸ್‌ಗೆ ಕಷ್ಟವಲ್ಲ.”

“ನೋಡಮ್ಮ,” ಎಂದರು ಅವರು, ಅಮ್ಮ ಎಂದಾಗಲೆಲ್ಲ ಅವರು ಯಾರನ್ನೋ ತುಳಿಯಲು ಕಾಲೆತ್ತಿದ್ದಾರೆ ಎಂದೇ ಅರ್ಥ, “ನಮ್ಮದು ಎಚ್‌ಐವಿ ಯೋಜನೆ. ಲಿವರ್ ಯೋಜನೆ ಅಲ್ಲ. ಪೂರ್ತಿ ಪರೀಕ್ಷೆ ಅಂತ ಕೂತರೆ ಮೂರು ತಿಂಗಳು ಹಿಂದೆ ಬೀಳ್ತೀವಿ. ಸಮಾರಂಭದ ದಿನ ಗೊತ್ತಾಗಿದೆ. ಅತಿಥಿಗಳ ಟಿಕೆಟ್ ಆಗಿದೆ. ವೈರಸ್‌ಗೆ ಕಾಯೋಕೆ ಹೇಳಬಹುದು, ಅತಿಥಿಗಳಿಗೆ ಹೇಳೋಕಾಗುತ್ತಾ?”

ಮೇಜಿನ ಸುತ್ತ ಕೂತಿದ್ದ ದೊಡ್ಡ ದೊಡ್ಡ ಪದವಿಯವರೆಲ್ಲ ನಕ್ಕರು. ನಗುವುದರಲ್ಲಿ ಅವರದು ಎತ್ತಿದ ಕೈ. ಅವಳು ಇನ್ನೊಂದು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಚಹಾ ಬಂತು, ಜೊತೆಗೆ ಬಿಸ್ಕತ್ತು. ತೆರೆದ ಬಾಯಿಗೆ ಅವಳು ಬಿಸ್ಕತ್ತು ಹಾಕಿಕೊಂಡಳು. ಹೆಸರಿಗೆ ತಜ್ಞೆ, ನಾಲಿಗೆಗೆ ಬಿಸ್ಕತ್ತು ಎಂದು ಆಮೇಲೆ ಎಷ್ಟೋ ಸಲ ತನ್ನನ್ನು ತಾನೇ ಮೂದಲಿಸಿಕೊಂಡಳು. ಆ ದಿನ ಮಾತ್ರ ಜಗಿದು ನುಂಗಿದಳು.

ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದ. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಬಾಯಿ ಮಾತ್ರ ಮೂರಾಳಿನದು. ಮದುವೆಯಾಗಿರಲಿಲ್ಲ, ಅಕ್ಕ ಭಾವನ ಮನೆಯಲ್ಲಿದ್ದ. ಎಚ್‌ಐವಿ ವಿಷಯ ಅವರಿಗೆ ಗೊತ್ತಿರಲಿಲ್ಲ. ಎಂಟು ವರ್ಷ ಅವನು ಮಾತ್ರೆಯನ್ನು ಆ ಮನೆಯಲ್ಲಿ ಬಚ್ಚಿಟ್ಟ ಜಾಗಗಳ ಕಥೆಯನ್ನೇ ಅವನ ಬಾಯಲ್ಲಿ ಕೇಳಬೇಕು: ಸ್ಪ್ಯಾನರ್ ಪೆಟ್ಟಿಗೆಯ ಕೆಳಗಿನ ಖಾನೆ, ಮಳೆಗಾಲದ ಬೂಟು, ಹಾಳಾದ ರೇಡಿಯೋ ಹೊಟ್ಟೆ.

“ಒಂದಿನ ಭಾವ ರೇಡಿಯೋ ರಿಪೇರಿಗೆ ಕೊಡೋಣ ಅಂತ ಎತ್ತಿಕೊಂಡು ಹೊರಟೇಬಿಟ್ರು ಡಾಕ್ಟ್ರಮ್ಮ! ಗಲ ಗಲ ಅಂತ ಸದ್ದು. ಇದೇನೋ ಇದು ಅಂದ್ರು. ಬಿಡಿಭಾಗ ಸಡಿಲ ಆಗಿದೆ ಭಾವ ಅಂದೆ. ಯಾರ ಬಿಡಿಭಾಗ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.”

ಇಂಜೆಕ್ಷನ್ ಬಂದ ಮೇಲೆ ಅವನ ತಲೆ ಮೇಲಿನ ದೊಡ್ಡ ಹೊರೆ ಇಳಿಯಿತು. ಮನೆಯಲ್ಲಿ ಬಚ್ಚಿಡುವುದು ಏನೂ ಇಲ್ಲ. ಎರಡು ತಿಂಗಳಿಗೊಮ್ಮೆ ‘ಕೆಲಸದ ಮೇಲೆ’ ಬಂದು ಸೂಜಿ ಹಾಕಿಸಿಕೊಂಡು ಹೋದರಾಯಿತು. “ಎಂಟು ವರ್ಷದಲ್ಲಿ ಮೊದಲನೇ ಸಲ ಕಳ್ಳನ ಥರ ಅಲ್ಲದೆ ಮನೆಗೆ ಹೋಗ್ತಾ ಇದ್ದೀನಿ” ಎಂದ. ಆ ಮಾತನ್ನು ಅವನು ನಗುತ್ತಲೇ ಹೇಳಿದ್ದು. ಆದರೂ ಅವಳು ಆ ಹೊತ್ತು ತಲೆ ತಗ್ಗಿಸಿ ಏನೋ ಬರೆಯುವವಳ ಹಾಗೆ ಮಾಡಬೇಕಾಯಿತು.

ಈ ಬಾಯಿ ಮೈಕ್ ಸಾಹೇಬರ ಕಿವಿಗೆ ಬಿತ್ತು. ಸಮಾರಂಭಕ್ಕೆ ಇವನೇ ಸರಿ ಎಂದು ತೀರ್ಮಾನವಾಯಿತು. ಯೋಜನೆಗೆ ಹಣ ಕೊಟ್ಟ ಸಂಸ್ಥೆಯ ಮುಖ್ಯಸ್ಥೆ ಬರುತ್ತಾರೆ, ಅವರೆದುರು ಒಬ್ಬ ರೋಗಿ ನಿಂತು ತನ್ನ ಬಾಳು ಹೇಗೆ ಬೆಳಗಿತು ಎಂದು ಹೇಳಬೇಕು. ಗುರುತು ಸಿಗದ ಹಾಗೆ ಟೋಪಿ, ಮಾಸ್ಕ್ ಕೊಡುತ್ತೇವೆ ಎಂದು ಮಾತು ಕೊಟ್ಟರು. ಆಪ್ತ ಸಹಾಯಕ ಪರದೆಯ ಹಿಂದೆ ಕೂರಿಸೋಣವೇ ಎಂದು ಕೇಳಿದ್ದಕ್ಕೆ ಸಾಹೇಬರು ತಲೆಯಾಡಿಸಿದರು. “ಬೇಡ. ಕಣ್ಣು ಕಾಣಲೇಬೇಕು. ಕೃತಜ್ಞತೆ ಕಾಣೋದು ಕಣ್ಣಲ್ಲೇ ಅಲ್ವೇನ್ರಿ?”

ಭಾಷಣವನ್ನು ಮೆಕ್ಯಾನಿಕ್ ತಾನೇ ಬರೆದ. ಆಪ್ತ ಸಹಾಯಕ ಅದರ ನಡುನಡುವೆ ‘ಮಾನ್ಯ ನಿರ್ದೇಶಕರ ದೂರದೃಷ್ಟಿಯಿಂದ’ ಎನ್ನುವುದನ್ನು ಹುಗಿದ. ರೇಡಿಯೋ ಕಥೆ ಮಾತ್ರ ಉಳಿಯಿತು. ಅವನು ಹೊಸ ಕೋಟು ಹೊಲಿಸಿದ. ಅಕ್ಕನಿಗೆ ಲಿಫ್ಟ್ ಕಂಪನಿಯ ಸಮ್ಮೇಳನ ಎಂದಿದ್ದನಂತೆ.

ಸಮಾರಂಭದ ಬೆಳಿಗ್ಗೆ ಸಭಾಂಗಣದ ಪಕ್ಕದ ಚಿಕ್ಕ ಕೋಣೆಗೆ ಅವಳು ಅವನನ್ನು ನೋಡಲು ಹೋದಳು. ಅಲ್ಲಿ ಹೂಗುಚ್ಛಗಳನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದ್ದರು. ಅವನು ಕೋಟು ಹಾಕಿ, ಟೋಪಿ ಇಟ್ಟು, ಮಾಸ್ಕ್ ಕಟ್ಟಿಕೊಂಡು ಕನ್ನಡಿ ಮುಂದೆ ಕೂತಿದ್ದ. ಎಂದಿನಂತೆ ಮಾತಾಡಲಿಲ್ಲ. ಅವಳು ಹತ್ತಿರ ಹೋದಳು. ಮುಖದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಎರಡೂ ಕಣ್ಣು ಹಳದಿ.

“ಮಾಸ್ಕ್ ತೆಗೀರಿ” ಎಂದಳು. ನಾಲಿಗೆಯ ಕೆಳಗೂ ಹಳದಿ. “ಎಷ್ಟು ದಿನದಿಂದ?”

“ಏನೋ ಸುಸ್ತು ಡಾಕ್ಟ್ರಮ್ಮ. ಊಟ ಕಂಡ್ರೆ ಹೊಟ್ಟೆ ತೊಳೆಸುತ್ತೆ. ಭಾಷಣದ ಭಯಕ್ಕೆ ಅಂದ್ಕೊಂಡೆ.”

“ಮೂತ್ರ?”

“ಕಡು ಚಹಾ ಥರ.” ಅವನು ಸ್ವಲ್ಪ ನಾಚಿಕೊಂಡ. “ಹಾಲು ಹಾಕದ್ದು.”

ಬಲಗಡೆ ಪಕ್ಕೆಲುಬಿನ ಕೆಳಗೆ ಅವಳು ಬೆರಳೊತ್ತಿದಾಗ ಅವನು ಹಲ್ಲು ಕಚ್ಚಿದ. ಅವಳು ಅಲ್ಲೇ ರಕ್ತ ತೆಗೆದು, ಶೀಷೆಯನ್ನು ಹಿರಿಯ ನರ್ಸ್ ಕೈಗೆ ಕೊಟ್ಟು ಪ್ರಯೋಗಾಲಯಕ್ಕೆ ಓಡಿಸಿದಳು. ಲಿವರ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಹೆಪಟೈಟಿಸ್ ಬಿ, ಎಲ್ಲವೂ ಈಗಲೇ ಬೇಕು. ಬರುವ ಉತ್ತರ ಅವಳಿಗೆ ಗೊತ್ತಿತ್ತು. ಸಭೆಯಲ್ಲಿ ಬಿಸ್ಕತ್ತು ನುಂಗಿದ ದಿನವೇ ಗೊತ್ತಿತ್ತು.

ಅವಳು ಮೈಕ್ ಸಾಹೇಬರನ್ನು ಹುಡುಕಿಕೊಂಡು ಹೋದಳು. ಅವರು ವೇದಿಕೆಯ ಹಿಂದೆ “ಹಲೋ, ಹಲೋ” ಎಂದು ಮೈಕ್ ಪರೀಕ್ಷಿಸುತ್ತಿದ್ದರು. ಆ ಸಂಸ್ಥೆಯಲ್ಲಿ ಅವರು ಪೂರ್ತಿಯಾಗಿ, ಹೊಸದಾಗಿ ಮಾಡಿಸುತ್ತಿದ್ದ ಪರೀಕ್ಷೆ ಅದೊಂದೇ.

“ಸರ್, ಅವರಿಗೆ ಕಾಮಾಲೆ. ಹೆಪಟೈಟಿಸ್ ಬಿ ಎದ್ದಿದೆ. ಇವತ್ತೇ ವಾರ್ಡಿಗೆ ಸೇರಿಸಬೇಕು.”

ಸಾಹೇಬರು ಮೈಕಿನ ಬಾಯಿಗೆ ಅಂಗೈ ಮುಚ್ಚಿದರು. “ಕಾರ್ಯಕ್ರಮ ಮುಗಿದ ಮೇಲೆ ಸೇರಿಸಿ.”

“ಕಣ್ಣು ಹಳದಿಯಾಗಿದೆ ಸರ್. ಮೊದಲನೇ ಸಾಲಿನಲ್ಲಿ ಕೂತೋರಿಗೆ ಕಾಣುತ್ತೆ.”

ಕಾಯಿಲೆಗೆ ಅಲ್ಲಾಡದ ಸಾಹೇಬರು ಮೊದಲನೇ ಸಾಲು ಎಂದ ಕೂಡಲೇ ಅಲ್ಲಾಡಿದರು. ಒಂದು ಕ್ಷಣ ಯೋಚಿಸಿ, ತಮ್ಮ ಕೋಟಿನ ಜೇಬಿನಿಂದ ಕಪ್ಪು ಕನ್ನಡಕ ತೆಗೆದು ಅವಳ ಮುಂದೆ ಹಿಡಿದರು. “ಇದನ್ನ ಹಾಕಿಸಿ.”

“ಕಣ್ಣಲ್ಲೇ ಕೃತಜ್ಞತೆ ಕಾಣೋದು ಅಂದಿದ್ದಿರಿ.”

“ಗೌಪ್ಯತೆ ಅದಕ್ಕಿಂತ ದೊಡ್ಡದಮ್ಮ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಟೋಪಿ, ಮಾಸ್ಕ್, ಅದರ ಮೇಲೆ ಕಪ್ಪು ಕನ್ನಡಕ! ಇನ್ನು ಒಳಗೆ ಯಾರಿದ್ದರೇನು ಸರ್? ನಿಮ್ಮ ಕಾರ್ ಡ್ರೈವರನ್ನೇ ತಂದು ನಿಲ್ಲಿಸಿಬಿಡಿ!”

ಉಗಿದೆ ಎಂದುಕೊಂಡಳು ಅವಳು. ಮೈಕ್ ಸಾಹೇಬರ ಮುಖ ಅರಳಿತು. “ಒಳ್ಳೆ ಮಾತು ಹೇಳಿದಿರಿ” ಎಂದವರೇ ಆಪ್ತ ಸಹಾಯಕನನ್ನು ಕೂಗಿದರು. “ಡ್ರೈವರ್ ಎಲ್ಲಿದ್ದಾನೆ ನೋಡು. ಓದು ಬರಹ ಬರುತ್ತಲ್ಲ ಅವನಿಗೆ?”

ಮೂದಲಿಕೆ ನಾಟಬೇಕಾದರೂ ಎದುರಿಗಿರುವವನಿಗೆ ಚರ್ಮ ಅಂತ ಒಂದಿರಬೇಕು. ಅವಳು ತಿರುಗಿ ಚಿಕ್ಕ ಕೋಣೆಗೆ ನಡೆದಳು.

ಮೆಕ್ಯಾನಿಕ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೇಳಿಸಿಕೊಂಡ. “ಅಂದ್ರೆ ಮಾತ್ರೆ ನಿಲ್ಲಿಸಿದ್ದಕ್ಕೆ ಹೀಗಾಯ್ತು?”

“ಹೌದು.”

“ನಿಮಗೆ ಮೊದಲೇ ಗೊತ್ತಿತ್ತಾ?”

“ನಿಮಗೇ ಆಗುತ್ತೆ ಅಂತ ಗೊತ್ತಿರಲಿಲ್ಲ. ಯಾರಿಗಾದ್ರೂ ಆಗಬಹುದು ಅಂತ ಗೊತ್ತಿತ್ತು. ಪರೀಕ್ಷೆ ಮಾಡಬೇಕು ಅಂದೆ. ಬೇಡ ಅಂದ್ರು. ಸುಮ್ಮನಾದೆ.”

“ಸುಮ್ಮನಾದ್ರಿ” ಎಂದ ಅವನು. ಅಷ್ಟೇ. ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆಮೇಲೆ ಅವನು ಕೋಟಿನ ಜೇಬು ತಟ್ಟಿ ಭಾಷಣದ ಹಾಳೆ ಮುಟ್ಟಿ ನೋಡಿದ. “ಭಾಷಣ ಮುಗಿಸಿ ವಾರ್ಡಿಗೆ ಬರ್ತೀನಿ. ಹತ್ತು ನಿಮಿಷದ್ದು. ಇಷ್ಟು ದಿನ ಬಾಯಿಪಾಠ ಮಾಡಿದ್ದೀನಿ.”

“ನಿಂತರೆ ಬೀಳ್ತೀರಿ.”

“ಬಿದ್ದರೆ ಬಿದ್ದೆ, ಮೈಕ್ ಮುಂದೇನೇ ಬೀಳ್ತೀನಿ. ನನ್ನ ಜನ್ಮದಲ್ಲಿ ಯಾರು ಕೂತು ನನ್ನ ಮಾತು ಕೇಳಿದ್ದಾರೆ? ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೋರು ಮಾತ್ರ!”

ಎದ್ದು ನಿಂತ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಹೂವಿನ ಬಕೆಟ್ಟಿಗೆ ವಾಂತಿ ಮಾಡಿದ. ಅಲ್ಲಿಗೆ ವಾದ ಮುಗಿಯಿತು. ಅವಳೂ ನರ್ಸೂ ಸೇರಿ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೇಲಿನ ವಾರ್ಡಿಗೆ ತಳ್ಳಿಕೊಂಡು ಹೋದರು. ಬಾಗಿಲಲ್ಲಿ ಆಪ್ತ ಸಹಾಯಕ ಅಡ್ಡ ನಿಂತು, ಟೋಪಿ, ಮಾಸ್ಕ್ ಮತ್ತು ಜೇಬಿನ ಹಾಳೆಯನ್ನು ಕೇಳಿ ಇಸಿದುಕೊಂಡ.

ವಾರ್ಡಿನಲ್ಲಿ ಮಲಗಿಸಿ, ಸಲೈನ್ ಏರಿಸಿ, ಹಳೆಯ ಮಾತ್ರೆಯನ್ನು ಅವಳು ತನ್ನ ಕೈಯಾರೆ ನುಂಗಿಸಿದಳು. ವರದಿ ಬಂತು. ಲಿವರ್‌ನ ಅಂಕಿಗಳು ಇರಬೇಕಾದದ್ದಕ್ಕಿಂತ ನಲವತ್ತು ಪಟ್ಟು ಮೇಲೆ. ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ನಿಧಾನವಾಗಿತ್ತು, ಕೈಮೀರಿರಲಿಲ್ಲ. ಅವಳು ಉಸಿರು ಬಿಟ್ಟಳು.

ಅಷ್ಟರಲ್ಲಿ ವಾರ್ಡಿನ ಗೋಡೆಯ ಸ್ಪೀಕರ್ ಕರಕರ ಎಂದಿತು. ತಮ್ಮ ಮಾತು ಕಟ್ಟಡದ ಮೂಲೆ ಮೂಲೆಗೂ ಕೇಳಬೇಕೆಂದು ಸಾಹೇಬರು ಎಲ್ಲ ಮಹಡಿಗೂ ತಂತಿ ಎಳೆಸಿದ್ದರು. ಮೊದಲು ಅವರದೇ ಭಾಷಣ. ರೋಗಿಗಳು ಒಬ್ಬೊಬ್ಬರಾಗಿ ಗೋಡೆ ಕಡೆ ಹೊರಳಿದರು. ಆಮೇಲೆ, “ಈಗ ನಮ್ಮ ಇಂಜೆಕ್ಷನ್‌ನಿಂದ ಹೊಸ ಬಾಳು ಕಂಡ ಧೀರ ವ್ಯಕ್ತಿಯೊಬ್ಬರು ತಮ್ಮ ಅನುಭವ ಹೇಳುತ್ತಾರೆ” ಎಂದಿತು ಸ್ಪೀಕರ್. ಚಪ್ಪಾಳೆ. ಒಂದು ದಪ್ಪ ದನಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿತು. “ಎಂಟು ವರ್ಷ... ನಾನು... ಕಳ್ಳನಂತೆ...”

ಮೆಕ್ಯಾನಿಕ್ ದಿಂಬಿನಿಂದ ತಲೆಯೆತ್ತಿದ. “ಯಾರದು?”

“ಸಾಹೇಬರ ಡ್ರೈವರ್” ಎಂದಳು ಅವಳು. ಮುಚ್ಚಿಡಲು ಅವಳಿಗೆ ಇನ್ನು ಮನಸ್ಸಿರಲಿಲ್ಲ.

ಅವನು ಕಿವಿಗೊಟ್ಟು ಕೇಳಿದ. ರೇಡಿಯೋ ಕಥೆ ಬಂತು. “ಬಿಡಿಭಾಗ ಸಡಿಲ ಆಗಿದೆ ಭಾವ ಎಂದೆ ಯಾರ ಬಿಡಿಭಾಗ ಎಂದು ನಾನು ಹೇಳಲಿಲ್ಲ ಅವರು ಕೇಳಲಿಲ್ಲ ಮಾನ್ಯ ನಿರ್ದೇಶಕರ ದೂರದೃಷ್ಟಿಯಿಂದ” ಎಂದು ಡ್ರೈವರ್ ಒಂದೇ ಉಸಿರಿನಲ್ಲಿ ಓದಿ ಮುಗಿಸಿದ. ಸಭಾಂಗಣದಲ್ಲಿ ಒಬ್ಬರೂ ನಗಲಿಲ್ಲ.

“ಅಯ್ಯೋ ಹಾಳಾದೋನೇ!” ಎಂದು ಮೆಕ್ಯಾನಿಕ್ ಹಾಸಿಗೆ ಗುದ್ದಿದ. “ಭಾವ ಅಂದಮೇಲೆ ನಿಲ್ಲಿಸಬೇಕಿತ್ತು! ಸ್ವಲ್ಪ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ ಆಮೇಲೆ ಹೇಳಬೇಕಿತ್ತು! ಲಿವರ್ ಹೋದರೆ ಹೋಗಲಿ, ನನ್ನ ಜೋಕನ್ನೂ ಕೊಂದುಬಿಟ್ರಲ್ಲ!” ಪಕ್ಕದ ಹಾಸಿಗೆಯವನು ಕಿಸಕ್ಕನೆ ನಕ್ಕ. ಮೆಕ್ಯಾನಿಕ್ ಅವಳ ಕಡೆ ತಿರುಗಿದ. ಹಳದಿ ಕಣ್ಣಲ್ಲಿ ನೀರು. “ಡಾಕ್ಟ್ರಮ್ಮ, ಈಗಲೂ ಸುಮ್ಮನೇ ಇರ್ತೀರಾ?”

ಮುಖ್ಯಸ್ಥೆಯನ್ನು ಇಲ್ಲಿಗೇ ಕರೆತರಲೇ ಎಂದು ಕೇಳಿ, ಅವನು ಹೂಂ ಎಂದ ಮೇಲೆ ಅವಳು ಕೆಳಗಿಳಿದು ಹೋದಳು.

ಸಭಾಂಗಣದ ಹೊರಗೆ ಚಹಾ ನಡೆದಿತ್ತು. ಮುಖ್ಯಸ್ಥೆ, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲಿನ ಹಿರಿಯ ಹೆಂಗಸು, ಚಹಾದ ಕಪ್ಪು ಹಿಡಿದು, “ಆ ಧೈರ್ಯವಂತನನ್ನ ನಾನು ಭೇಟಿ ಮಾಡಲೇಬೇಕು” ಎನ್ನುತ್ತಿದ್ದರು. “ಗೌಪ್ಯತೆ, ಮೇಡಂ, ಗೌಪ್ಯತೆ” ಎಂದು ಮೈಕ್ ಸಾಹೇಬರು ಎದೆಯ ಮೇಲೆ ಕೈಯಿಟ್ಟು ಬಾಗುತ್ತಿದ್ದರು.

“ಅವರು ಮೇಲಿನ ವಾರ್ಡಿನಲ್ಲಿದ್ದಾರೆ” ಎಂದಳು ಲಿವರಮ್ಮ. “ನಿಮ್ಮನ್ನ ನೋಡೋಕೆ ಅವರಿಗೆ ಒಪ್ಪಿಗೆ ಇದೆ. ಈಗ ಓದಿದ್ದು ಸಾಹೇಬರ ಡ್ರೈವರ್. ಬೇಕಾದರೆ ಹೊರಗೆ ನೋಡಿ, ಕಾರು ಒರೆಸ್ತಾ ಇರಬೇಕು.”

ಸುತ್ತಲಿದ್ದವರು ಮೊದಲು ನಕ್ಕರು. ಸಾಹೇಬರ ನಗು ಎಲ್ಲರಿಗಿಂತ ಜೋರಾಗಿತ್ತು. ಅವಳು ನಗಲಿಲ್ಲ. ಮುಖ್ಯಸ್ಥೆ ಕಪ್ಪು ಕೆಳಗಿಟ್ಟರು. ಕಿಟಕಿಯಾಚೆ ಡ್ರೈವರ್ ನಿಜವಾಗಿಯೂ ಕಾರು ಒರೆಸುತ್ತಿದ್ದ. ತಲೆಯ ಮೇಲೆ ಆ ಟೋಪಿ ಹಾಗೇ ಇತ್ತು.

ಮುಖ್ಯಸ್ಥೆ ಅವಳ ಜೊತೆ ವಾರ್ಡಿಗೆ ಬಂದರು. ಮೆಕ್ಯಾನಿಕ್ ದಿಂಬಿಗೆ ಒರಗಿ ಕೂತು ರೇಡಿಯೋ ಕಥೆಯನ್ನು ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಹೇಳಿದ. ಮುಖ್ಯಸ್ಥೆ ನಕ್ಕರು. ಆಮೇಲೆ ವರದಿ ಓದಿದರು. ಓದುತ್ತ ಓದುತ್ತ ನಗು ಇಳಿಯಿತು. ಇನ್ನೇನು ಈಕೆ ಕೆಳಗೆ ಹೋಗಿ ಸಾಹೇಬರ ಬೆವರಿಳಿಸುತ್ತಾರೆ ಎಂದು ಲಿವರಮ್ಮನಿಗೆ ಜೀವ ಬಂತು.

ಕಾರಿಡಾರಿನಲ್ಲಿ ಮುಖ್ಯಸ್ಥೆ ಅವಳ ತೋಳು ಹಿಡಿದು ದನಿ ತಗ್ಗಿಸಿದರು. “ಇಂಜೆಕ್ಷನ್ ಹಾಕಿಸಿಕೊಂಡ ಎಲ್ಲರಿಗೂ ಪರೀಕ್ಷೆ ಮಾಡಿಸಿ. ಖರ್ಚು ನಮ್ಮದು. ಆದರೆ ಗದ್ದಲ ಬೇಡ. ಅವರವರ ಸರದಿ ಬಂದಾಗ, ಸದ್ದಿಲ್ಲದೆ. ಹೊರಗೆ ಗೊತ್ತಾದರೆ ಒಳ್ಳೆ ಔಷಧಿಗೇ ಕೆಟ್ಟ ಹೆಸರು ಬರುತ್ತೆ, ಅಲ್ವಾ?”

“ಸರದಿ ಬರೋದು ಎರಡು ತಿಂಗಳಿಗೊಮ್ಮೆ ಮೇಡಂ. ಈಗಲೇ ಫೋನ್ ಮಾಡಿ ಕರೆಸಬೇಕು.”

“ಸದ್ದಿಲ್ಲದೆ” ಎಂದು ಆಕೆ ತೋಳು ತಟ್ಟಿ ಹೋದರು. ಮೈಕ್ ಸಾಹೇಬರಿಗಿಂತ ಮೆದು ಕೈ. ಅದುಮಿದ್ದು ಮಾತ್ರ ಅದೇ ಜಾಗದಲ್ಲಿ.

ಸಂಜೆ ಮನೆಗೆ ಹೋದರೆ ತಾಯಿ, “ಸಮಾರಂಭ ಹೇಗಾಯ್ತು? ನಿನ್ನನ್ನ ವೇದಿಕೆಗೆ ಕರೆದ್ರಾ?” ಎಂದು ಕೇಳಿದರು.

“ಅಲ್ಲಿ ಯಾರನ್ನೂ ಕರೀಲಿಲ್ಲಮ್ಮ. ಒಂದು ಟೋಪಿ ಮಾಸ್ಕನ್ನ ಕರೆದ್ರು, ಅದೇ ಬಂತು” ಎಂದು ಅವಳು ಹೋಗಿ ಮಲಗಿದಳು.

ಮಾರನೆಯ ದಿನದಿಂದ ಅವಳು ತನ್ನ ಫೋನಿನಿಂದ ತಾನೇ ಒಬ್ಬೊಬ್ಬರನ್ನೇ ಕರೆಯತೊಡಗಿದಳು. ಎರಡನೆಯ ದಿನ ಆಪ್ತ ಸಹಾಯಕ ಬಂದು ರೋಗಿಗಳ ವಿವರವನ್ನು ‘ಭದ್ರತೆಗಾಗಿ’ ಸಾಹೇಬರ ಕೋಣೆಯಲ್ಲಿಡಲು ಒಯ್ದ. ಉಳಿದವರು ಸರದಿಯಲ್ಲೇ ಬರಬೇಕಾಯಿತು. ಹೀಗೆ ಬಂದವರಲ್ಲಿ ಇನ್ನೂ ಮೂವರ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿತು. ಇಬ್ಬರಿಗೆ ಇನ್ನೂ ಏನೂ ಆಗಿರಲಿಲ್ಲ; ಮಾತ್ರೆ ಶುರುವಾಯಿತು, ಉಳಿದರು. ಮೂರನೆಯವಳು ಒಬ್ಬ ಹೊಲಿಗೆ ಕೆಲಸದಾಕೆ. ಅವಳ ಸರದಿ ಎಲ್ಲರಿಗಿಂತ ಕೊನೆಗೆ ಬಂತು. ಸರದಿಗೆ ಅವಳು ನಡೆದು ಬರಲಿಲ್ಲ. ಅವಳ ತಮ್ಮ ಎತ್ತಿಕೊಂಡು ಬಂದ. ಹೊಟ್ಟೆ ಉಬ್ಬಿತ್ತು, ಯಾರ ಗುರುತೂ ಸಿಗುತ್ತಿರಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಮಡಿಸಿ ಮಡಿಸಿ ಹೊಲಿಯುವ ಹಾಗೆ ಆಡುತ್ತಿದ್ದವು. ನಾಲ್ಕು ದಿನ ಇದ್ದಳು.

“ಒಂದು ತಿಂಗಳಿಂದ ಕಣ್ಣು ಹಳದಿ ಇತ್ತು” ಎಂದ ತಮ್ಮ. “ಬಿಸಿಲಿಗೆ ಅಂದ್ಕೊಂಡ್ವಿ. ಯಾರಾದ್ರೂ ಹೇಳಿದ್ದಿದ್ರೆ ಬರ್ತಿದ್ವಿ ಮೇಡಂ. ಮನೆ ಇಲ್ಲೇ, ಮೂರನೇ ಬೀದಿ.”

ಸಾಹೇಬರ ಕೋಣೆಯ ಕಿಟಕಿಯಲ್ಲಿ ನಿಂತರೆ ಆ ಬೀದಿ ಕಾಣುತ್ತಿತ್ತು.

ಆ ಸಾವಿಗೆ ಸ್ಪೀಕರ್ ಕರಕರ ಎನ್ನಲಿಲ್ಲ.

ಮೆಕ್ಯಾನಿಕ್ ಬದುಕಿದ. ಐದು ವಾರ ವಾರ್ಡಿನಲ್ಲಿದ್ದ. ಕಣ್ಣು ಮೆಲ್ಲಗೆ ಬೆಳ್ಳಗಾಯಿತು, ಬಾಯಿ ಅದಕ್ಕೂ ಮುಂಚೆಯೇ ಸರಿಹೋಯಿತು. ಅಕ್ಕ ಭಾವ ದಿನಾ ಬಂದರು. ಅವರಿಗೆ ಕಾಮಾಲೆ ಎಂದು ಹೇಳಿದ್ದ, ಸುಳ್ಳೇನೂ ಅಲ್ಲ. ಎರಡೂ ಕಾಯಿಲೆಗೆ ಒಂದೇ ಮಾತ್ರೆಯಾದ್ದರಿಂದ ಈಗ ಅದು ಬೂಟಿನೊಳಗಿಂದ ಎದ್ದು ಬಂದು ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಕೂತಿತು. “ಭಾವನೇ ದಿನಾ ಕೇಳ್ತಾರೆ, ಲಿವರ್ ಮಾತ್ರೆ ತಗೊಂಡ್ಯೇನೋ ಅಂತ. ಎಂಟು ವರ್ಷ ಅವರ ಕಣ್ಣು ತಪ್ಪಿಸಿ ನುಂಗಿದ್ದನ್ನ ಈಗ ಅವರೇ ನೀರು ಕೊಟ್ಟು ನುಂಗಿಸ್ತಾರೆ” ಎಂದು ಹೇಳಿ, ಆಮೇಲೆ, “ಒಂದಿನ ಅಕ್ಕನಿಗೆ ಪೂರ್ತಿ ಹೇಳಬೇಕು” ಎಂದ. ಹೇಳಿದನೋ ಇಲ್ಲವೋ, ಅವಳು ಕೇಳಲಿಲ್ಲ.

ಅವನು ಮನೆಗೆ ಹೋಗುವ ದಿನ ಮೈಕ್ ಸಾಹೇಬರು ಕ್ಯಾಮೆರಾದವನ ಜೊತೆ ವಾರ್ಡಿಗೆ ಬಂದರು. ಮುಂದಿನ ಸಮ್ಮೇಳನ ಹೆಪಟೈಟಿಸ್ ಮೇಲಂತೆ, ಇವನು ಮಾತಾಡಬೇಕಂತೆ. ಮೆಕ್ಯಾನಿಕ್ ಕೈಮುಗಿದು, “ಡ್ರೈವರ್‌ಗೇ ಕೊಡಿ ಸಾಹೇಬ್ರೇ. ಎಲ್ಲಿ ನಿಲ್ಲಿಸಬೇಕು ಅಂತ ಒಂದೆರಡು ಸಲ ಹೇಳಿಕೊಡಿ, ಕಲೀತಾನೆ. ಕಾರಾದ್ರೂ ನಿಲ್ಲಿಸ್ತಾನಲ್ಲ” ಎಂದ. ಕ್ಯಾಮೆರಾದವನು ನಗು ತಡೆಯಲು ಲೆನ್ಸ್ ಒರೆಸಿಕೊಂಡ. ಸಾಹೇಬರು ಹಲ್ಲುಕಿರಿದು, ಬೇರೆ ಹಾಸಿಗೆಯ ರೋಗಿಯೊಬ್ಬನ ಕೈ ಕುಲುಕಿ ಫೋಟೋ ತೆಗೆಸಿಕೊಂಡು ಹೋದರು.

ವರ್ಷ ತಿರುಗುವುದರೊಳಗೆ ಸಾಹೇಬರು ಒಂದು ಪ್ರಬಂಧ ಸಿದ್ಧಪಡಿಸಿದರು. ಇಂಜೆಕ್ಷನ್‌ಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಎಷ್ಟು ಮುಖ್ಯ ಎಂಬುದನ್ನು ತಮ್ಮ ಸಂಸ್ಥೆ ಹೇಗೆ ಮುಂದಾಗಿಯೇ ಕಂಡುಕೊಂಡಿತು ಎನ್ನುವುದು ಅದರ ಸಾರಾಂಶ. ಹೊಲಿಗೆಯಾಕೆ ಅದರಲ್ಲಿ ‘ಒಂದು ಪ್ರತಿಕೂಲ ಘಟನೆ’ ಎಂದಾಗಿದ್ದಳು. ಲಿವರಮ್ಮನ ಹೆಸರು ಆರನೆಯದಾಗಿತ್ತು, ಆಪ್ತ ಸಹಾಯಕನ ಅಳಿಯನ ನಂತರ.

“ನನ್ನ ಹೆಸರು ತೆಗೀರಿ ಸರ್” ಎಂದಳು.

“ಯೋಚನೆ ಮಾಡಮ್ಮ. ದೊಡ್ಡ ಪತ್ರಿಕೆ.”

“ತೆಗೀರಿ.”

ಅವರು ತೆಗೆದರು. ಬೇಸರವೇನೂ ಪಡಲಿಲ್ಲ, ಹೆಸರುಗಳು ಈಗ ಒಂದೇ ಸಾಲಿನಲ್ಲಿ ಹಿಡಿಸಿದವು. ಅವಳು ತನ್ನದೇ ಎರಡು ಪುಟ ಬರೆದು ಯಾರೂ ಅಷ್ಟಾಗಿ ಓದದ ಒಂದು ಪತ್ರಿಕೆಗೆ ಕಳಿಸಿದಳು. ಪರೀಕ್ಷೆ ಬೇಡವೆಂದು ಯಾವಾಗ ತೀರ್ಮಾನವಾಯಿತು, ಆ ಸಭೆಯಲ್ಲಿ ತಾನೂ ಇದ್ದೆ, ಆಮೇಲೆ ಕರೆದು ಹೇಳಬೇಕಾದವರನ್ನು ಕರೆಯಲಿಲ್ಲ, ಒಬ್ಬಳು ಸತ್ತಳು. ಇಷ್ಟೇ. ವಿಶೇಷಣ ಒಂದೂ ಇರಲಿಲ್ಲ. ಅದು ಅಚ್ಚಾಯಿತು.

ಆ ತಿಂಗಳೇ ಅವಳ ಕೋಣೆಯನ್ನು ಹಿಂಭಾಗದ ಹಳೆಯ ಕಟ್ಟಡಕ್ಕೆ ಸಾಗಿಸಿದರು. ಪಕ್ಕದಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗ. ಇಡೀ ದಿನ ಬಿಸಿ ಹಬೆ, ಯಂತ್ರದ ಗಡಗಡ. ಸುಣ್ಣ ಉದುರುವ ಗೋಡೆಗೆ ಬೆನ್ನು ಹಾಕಿ ಅವಳು ರಕ್ತದ ಶೀಷೆಗಳನ್ನು ಜೋಡಿಸಿಕೊಂಡು ಕೂತಳು. ಯಾರೂ ಓದದ ಪತ್ರಿಕೆಯನ್ನು ಓದಬೇಕಾದ ಕೆಲ ಮಂದಿ ಓದಿದ್ದರು. ಬೇರೆ ಬೇರೆ ಆಸ್ಪತ್ರೆಗಳಿಂದ ಫೋನ್ ಬರತೊಡಗಿತು. ನಾವೂ ಹಾಗೇ ಮಾಡಿದ್ದೇವೆ, ಈಗೇನು ಮಾಡೋಣ ಎಂದು ಅಳುಕುತ್ತ ಕೇಳುವ ದನಿಗಳು. ಯಾವ ಪರೀಕ್ಷೆ, ಯಾವ ಮಾತ್ರೆ, ಎಷ್ಟು ದಿನಕ್ಕೊಮ್ಮೆ ಎಂದು ಅವಳು ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಹೇಳುವಳು.

“ರೋಗಿಗಳು ಗಾಬರಿ ಆಗ್ತಾರೆ. ಸದ್ದಿಲ್ಲದೆ ಮಾಡಿದರೆ ಹೇಗೆ ಮೇಡಂ?” ಎಂದು ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಿದ್ದರು.

“ಗಾಬರಿ ಆಗಲಿ” ಎನ್ನುವಳು ಅವಳು. “ಗಾಬರಿ ಆದೋರು ನಡ್ಕೊಂಡು ಬರ್ತಾರೆ. ಇವತ್ತೇ ಫೋನ್ ಮಾಡಿ, ಎಲ್ಲರನ್ನೂ ಕರೀರಿ.”